ಹಗ್ಗಕ್ಕೆ ಜೋತ ನಿದ್ದೆ

ಮೊದಲ ಪಿರಿಯಡ್ಡಿನಲ್ಲಿ ತೂಕಡಿಸುವ ಹುಡುಗರು ಎಲ್ಲ ಶಾಲೆಗಳಲ್ಲೂ ಇರುತ್ತಾರೆ. ಕೆಲವು ವರ್ಷಗಳ ಹಿಂದೆ ನನ್ನ ಒಂಬತ್ತನೆಯ ತರಗತಿಯಲ್ಲೂ ಒಬ್ಬನಿದ್ದ. ಆಷಾಢದ ಒಂದು ಮುಂಜಾನೆ, ಹೊರಗೆ ಧಾರವಾಡದ ಜಿಟಿಜಿಟಿ ಮಳೆ, ಒಳಗೆ ನಾನು ಉಷ್ಣದ ಪಾಠ ಮಾಡುತ್ತಿದ್ದೆ. ಆತ ನಿದ್ದೆ ಹೋಗಿದ್ದ. ಎಬ್ಬಿಸಿ ಬೆಂಚಿನ ಮೇಲೆ ನಿಲ್ಲಿಸಿದೆ. "ರಾತ್ರಿಯೆಲ್ಲಾ ಟಿ.ವಿ. ನೋಡೀಯೇನು?" ಎಂದು ಗದರಿದೆ. "ಇಲ್ರೀ ಸರ, ಕುಂತಽ ಇದ್ವಿರಿ. ಕಟ್ಟಿ ತೊಯ್ದಿತ್ರಿ" ಎಂದ. ತರಗತಿ ನಕ್ಕಿತು. ನನಗೂ ಅರ್ಥವಾಗಲಿಲ್ಲ.

ಅರ್ಥವಾದದ್ದು ಸಂಜೆ, ಕರೆದು ಕೇಳಿದಾಗ. ಅವನ ತಂದೆ ಮಾರ್ಕೆಟ್ಟಿನಲ್ಲಿ ಹಮಾಲಿ. ರಾತ್ರಿ ಅಂಗಡಿಯ ಬಾಗಿಲು ಹಾಕಿದ ಮೇಲೆ ಅದರ ಮುಂದಿನ ಕಟ್ಟೆಯೇ ನಾಲ್ವರ ಮನೆ. ಇರಚಲು ಹೊಡೆದ ರಾತ್ರಿ ಮಲಗುವ ಹಾಗಿಲ್ಲ. ಗೋಡೆಗೆ ಬೆನ್ನು ಕೊಟ್ಟು, ಮೊಣಕಾಲು ಎದೆಗೆ ಒತ್ತಿಕೊಂಡು ಬೆಳಗು ಮಾಡಬೇಕು. ಅಂಥ ರಾತ್ರಿ ಕಳೆದು ಬಂದವನನ್ನು ನಾನು ಮತ್ತೆ ನಿಲ್ಲಿಸಿದ್ದೆ.

ಆ ದಿನ ನನಗೆ ನೆನಪಾದದ್ದು ಲಂಡನ್ನು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಜಗತ್ತಿನ ಅತಿ ಶ್ರೀಮಂತ ನಗರ ಅದು. ಅಲ್ಲಿ ಮನೆಯಿಲ್ಲದವರ ನಿದ್ದೆಗೂ ದರಪಟ್ಟಿ ಇತ್ತು. ಒಂದು ಪೆನ್ನಿ ಕೊಟ್ಟರೆ ಬೆಚ್ಚಗಿನ ಕೋಣೆಯಲ್ಲಿ ಬೆಂಚಿನ ಮೇಲೆ ಕೂರಬಹುದು, ಮಲಗುವಂತಿಲ್ಲ. ಎರಡು ಪೆನ್ನಿಗೆ ಬೆಂಚಿನ ಮುಂದೆ ಅಡ್ಡಲಾಗಿ ಒಂದು ಹಗ್ಗ. ಸಾಲಾಗಿ ಕೂತವರು ಅದಕ್ಕೆ ಜೋತುಬಿದ್ದು ನಿದ್ರಿಸುವುದು. ನಾಲ್ಕು ಪೆನ್ನಿಗೆ ಶವಪೆಟ್ಟಿಗೆಯಂಥ ಮರದ ಪೆಟ್ಟಿಗೆ, ಹೊದೆಯಲು ಟಾರ್ಪಾಲು. ಆದರೆ ಅದರಲ್ಲಿ ಕಾಲು ಚಾಚಬಹುದಿತ್ತು! ನಮ್ಮ ಬಿಹಾರದ ಮೋತಿಹಾರಿಯಲ್ಲಿ 1903ರಲ್ಲಿ ಹುಟ್ಟಿದ ಜಾರ್ಜ್ ಆರ್ವೆಲ್, 1933ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಈ ಹಗ್ಗವನ್ನೂ ಪೆಟ್ಟಿಗೆಯನ್ನೂ ವರ್ಣಿಸಿದ್ದಾರೆ. ಬೆಳಗಿನ ಐದಕ್ಕೆ ಒಬ್ಬ ಆಳು ಬಂದು ಹಗ್ಗವನ್ನೇ ಕತ್ತರಿಸುತ್ತಿದ್ದನಂತೆ. ನಮ್ಮ ಕಟ್ಟೆಯವರನ್ನು ಎಬ್ಬಿಸಲು ಕಸ ಗುಡಿಸುವವರ ಪೊರಕೆಯ ಸಪ್ಪಳ ಸಾಕು.

ಕೂತು ನಿದ್ದೆ ಮಾಡಿದರೇನಂತೆ, ಬಸ್ಸಿನಲ್ಲಿ ನಾವೆಲ್ಲ ಮಾಡುವುದಿಲ್ಲವೇ ಎಂದು ಕೆಲವರು ಕೇಳಬಹುದು. ಹುಬ್ಬಳ್ಳಿ ದಾಟುವುದರೊಳಗೆ ಎಷ್ಟು ಸಲ ನಿಮ್ಮ ಕತ್ತು ಜೋಲಿ ಹೊಡೆದು ಎಚ್ಚರವಾಗುತ್ತದೆ, ಎಣಿಸಿ ನೋಡಿ. ನಿದ್ದೆ ಒಂದೇ ಹದದಲ್ಲಿ ಸಾಗುವುದಿಲ್ಲ. ಸುಮಾರು 90 ನಿಮಿಷಕ್ಕೊಂದರಂತೆ ಸುತ್ತು ಸುತ್ತಾಗಿ ನಡೆಯುತ್ತದೆ. ಪ್ರತಿ ಸುತ್ತಿನ ಕೊನೆಗೆ ಕನಸಿನ ಘಟ್ಟ. ರೆಪ್ಪೆಯೊಳಗೆ ಕಣ್ಣುಗುಡ್ಡೆಗಳು ಸರಸರ ಓಡುವ ಈ ಘಟ್ಟವನ್ನು ಶಿಕಾಗೋದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ 1953ರಲ್ಲಿ ಜಗತ್ತಿಗೆ ತಿಳಿಸಿದರು. ಆಗ ಉಸಿರಾಟದ್ದು, ಕಣ್ಣಿನದು ಬಿಟ್ಟು ಮೈಯ ಸ್ನಾಯುಗಳೆಲ್ಲ ಸಡಿಲವಾಗುತ್ತವೆ. ಮಲಗಿದವನಿಗೆ ಅದರ ಅರಿವೇ ಇರುವುದಿಲ್ಲ. ಕೂತವನ ತಲೆ ಮಾತ್ರ ದಪ್ಪನೆ ಬೀಳುತ್ತದೆ, ಎಚ್ಚರವಾಗುತ್ತದೆ. ಹಗಲು ಕಲಿತದ್ದು ಮನಸ್ಸಿನಲ್ಲಿ ಕೂರುವುದೂ ನಿದ್ದೆಯಲ್ಲೇ. ಪಾಲಕರೇ, ಪರೀಕ್ಷೆಯ ಮುಂಚೆ ಮಕ್ಕಳನ್ನು ರಾತ್ರಿ ಎರಡರವರೆಗೆ ಓದಲು ಕೂಡಿಸುವ ನೀವೂ ಇದನ್ನು ಒಮ್ಮೆ ಯೋಚಿಸಿ.

ಮಳೆಯಿಲ್ಲದ ರಾತ್ರಿಯ ಕಷ್ಟ ಬೇರೆ. ಸಿಮೆಂಟು ಗಾಳಿಗಿಂತ ಸುಮಾರು 40 ಪಟ್ಟು ಬೇಗ ಶಾಖವನ್ನು ಸಾಗಿಸುತ್ತದೆ. ಆದ್ದರಿಂದ ಮೇಲೆ ಎಷ್ಟು ಹೊದ್ದರೂ ಕೆಳಗಿನ ನೆಲ ಮೈಯ ಬಿಸಿಯನ್ನು ಹೀರುತ್ತಲೇ ಇರುತ್ತದೆ. ಕಂಬಳಿಯ ಗುಣವೆಲ್ಲ ಅದರ ಎಳೆಗಳ ನಡುವೆ ಸಿಕ್ಕಿಬಿದ್ದ ಗಾಳಿಯದು. ಅದು ತೊಯ್ದರೆ ಗಾಳಿಯ ಜಾಗಕ್ಕೆ ನೀರು ಬಂತು, ಗುಣ ಹೋಯಿತು.

ಲಂಡನ್ನಿಗೆ ಇದೆಲ್ಲ ಕಣ್ಣಿಗೆ ಬಿದ್ದದ್ದು ಕರುಣೆಯಿಂದಲೋ ಭಯದಿಂದಲೋ ಎಂಬ ಸಂಶಯ ನನಗಿದೆ. 1848-49ರಲ್ಲಿ ಕಾಲರಾ ಬಡಿದು ಹೋಗಿತ್ತು. 1851ರಲ್ಲಿ ಅಗ್ಗದ ವಸತಿಗೃಹಗಳು ನೋಂದಣಿಯಾಗಬೇಕು, ತಪಾಸಣೆಗೆ ಒಳಪಡಬೇಕು ಎಂಬ ಕಾನೂನು ಬಂತು. ನಮ್ಮಲ್ಲಿ 2010ರಲ್ಲಿ ಸುಪ್ರೀಂ ಕೋರ್ಟು ನಗರಗಳಲ್ಲಿ ರಾತ್ರಿ ವಸತಿಗೆ ವ್ಯವಸ್ಥೆಯಾಗಬೇಕೆಂದು ಹೇಳಿತು. 2013ರ ಕೇಂದ್ರ ಯೋಜನೆಯ ಪ್ರಕಾರ ಲಕ್ಷ ಜನಸಂಖ್ಯೆಗೊಂದು ಆಶ್ರಯ ಕೇಂದ್ರ ಇರಬೇಕಿತ್ತು, ಅದರಲ್ಲಿ ತಲೆಗೆ 50 ಚದರ ಅಡಿ ಜಾಗ. 2011ರ ಜನಗಣತಿಯಲ್ಲಿ ಹುಬ್ಬಳ್ಳಿ-ಧಾರವಾಡದ ಜನಸಂಖ್ಯೆ 9.43 ಲಕ್ಷ. ಲೆಕ್ಕ ವಿದ್ಯಾರ್ಥಿಗಳಿಗೇ ಬಿಟ್ಟದ್ದು. ಉತ್ತರ ಬಂದ ಮೇಲೆ, ನಿಮ್ಮ ವಾರ್ಡಿನ ಸದಸ್ಯರು ಸಿಕ್ಕಾಗ, ಅವು ಎಲ್ಲೆಲ್ಲಿವೆ ಎಂದು ಕೇಳಿ.

ಉಷ್ಣದ ಪಾಠವನ್ನು ಮರುದಿನ ಮುಂದುವರಿಸಿದೆ. ತಣ್ಣನೆಯ ನೆಲದ ಮೇಲೆ ಮಲಗಲು ಕೆಳಗೆ ಏನು ಹಾಸಿದರೆ ಒಳ್ಳೆಯದು ಎಂದು ಕೇಳಿದೆ. ಚಾಪೆ, ಜಮಖಾನೆ, ಗೋಣಿಚೀಲ ಎಂದು ಉತ್ತರಗಳು ಬಂದವು. ನಾನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಉತ್ತರ ರಟ್ಟು. ಹಿಂದಿನ ಬೆಂಚಿನಿಂದ ಅವನು ಕೈ ಎತ್ತಿದ.

"ಥರ್ಮೋಕೋಲ್ ರೀ ಸರ. ಟಿ.ವಿ. ಅಂಗಡ್ಯಾವ್ರು ಹೊರಗ ಒಗೀತಾರ್ರಿ. ರಟ್ಟು ತೊಯ್ದು ಮೆತ್ತಗಾಗತೈತಿ, ಇದು ನೀರು ಕುಡ್ಯಂಗಿಲ್ರಿ."

ಸರಿಯಾದ ಉತ್ತರ ಅದೇ. ಮುಚ್ಚಿದ ಪುಟ್ಟ ಪುಟ್ಟ ಗುಳ್ಳೆಗಳಲ್ಲಿ ಗಾಳಿ ತುಂಬಿದ ವಸ್ತು, ನೀರು ಒಳಗೆ ಇಳಿಯುವುದಿಲ್ಲ. ಇಪ್ಪತ್ತೈದು ವರ್ಷ ಪಾಠ ಹೇಳಿದ ನನಗೆ ಹೊಳೆದಿರಲಿಲ್ಲ. ಈ ಬಾರಿ ಬೇರೆ ಹುಡುಗರು ನಗಲಿಲ್ಲ.

ದಸರೆಯ ರಜೆ ಮುಗಿದ ಮೇಲೆ ಅವನು ಬರಲಿಲ್ಲ. ವಿಚಾರಿಸಲು ಮಾರ್ಕೆಟ್ಟಿಗೆ ಹೋದೆ. ಅಂಗಡಿಯವರು ಕಟ್ಟೆಗೆ ಕಬ್ಬಿಣದ ಜಾಲರಿ ಹಾಕಿಸಿ, ಬೀಗ ಜಡಿದಿದ್ದರು.