ಫಲಕದ ಅಕ್ಷರ: ಅಂದವೂ ಔಚಿತ್ಯವೂ

ಅಕ್ಷರವೆಂದರೆ ನಾಶವಿಲ್ಲದ್ದು ಎಂದು ಬಲ್ಲವರು ಅರ್ಥ ಹೇಳುತ್ತಾರೆ. ಅರ್ಥವನ್ನು ಕುರಿತು ಇಷ್ಟು ಚಿಂತಿಸುವ ನಾವು ಅಕ್ಷರದ ರೂಪವನ್ನು ಕುರಿತು ಅಷ್ಟಾಗಿ ಚಿಂತಿಸುವುದಿಲ್ಲ.

ಹಿಂದೆ ಊರೂರಿನಲ್ಲಿಯೂ ಫಲಕ ಬರೆಯುವ ಕಲಾವಿದರಿದ್ದರು. ಸೀಮೆಸುಣ್ಣದಿಂದ ಗೆರೆಯೆಳೆದು, ಚಪ್ಪಟೆ ಕುಂಚವನ್ನು ಬಣ್ಣದಲ್ಲಿ ಅದ್ದಿ, ಒಂದೇ ಬೀಸಿನಲ್ಲಿ ತಲೆಕಟ್ಟನ್ನು ಮೂಡಿಸುತ್ತಿದ್ದ ಅವರ ಕೈಚಳಕವನ್ನು ನೋಡಲು ಮಕ್ಕಳು ಗುಂಪುಗೂಡುತ್ತಿದ್ದರು. ಇಂದು ಆ ಕಾಯಕದ ಬಹುಭಾಗವನ್ನು ಗಣಕಯಂತ್ರವೂ ಫ್ಲೆಕ್ಸ್ ಮುದ್ರಣವೂ ವಹಿಸಿಕೊಂಡಿವೆ. ಆದರೂ ಕೈಬರಹದ ಲವಲವಿಕೆಯನ್ನು ಬಯಸುವವರಿಗೆ ತಕ್ಕ ಅಚ್ಚಿನಕ್ಷರಗಳು ಉಂಟು. ಅಮೆರಿಕದಲ್ಲಿ 1942ರಷ್ಟು ಹಿಂದೆಯೇ ‘ಬ್ರಷ್ ಸ್ಕ್ರಿಪ್ಟ್’ ಎಂಬ ಕುಂಚಬರಹದ ಅಚ್ಚುಮೊಳೆಗಳು ಬಂದಿದ್ದವು. ನಮ್ಮಲ್ಲಿ ಮುಂಬಯಿಯ ಏಕ್ ಟೈಪ್ ಬಳಗವು ರೂಪಿಸಿದ ‘ಬಾಲೂ’ ಅಕ್ಷರಗಳು ದಪ್ಪನಾಗಿ, ದುಂಡಾಗಿ, ನಗುಮೊಗದಿಂದ ಕೂಡಿವೆ. ಅದರ ಕನ್ನಡ ರೂಪಕ್ಕೆ ‘ಬಾಲೂ ತಮ್ಮ’ ಎಂದೂ, ತಮಿಳಿನದಕ್ಕೆ ‘ತಂಬಿ’ ಎಂದೂ, ತೆಲುಗಿನದಕ್ಕೆ ‘ತಮ್ಮುಡು’ ಎಂದೂ ಹೆಸರು. ಮುಕ್ತ ಪರವಾನಗಿಯುಳ್ಳ ಈ ಅಕ್ಷರಗಳನ್ನು ಯಾರು ಬೇಕಾದರೂ ಬೆಲೆ ತೆರದೆ ಬಳಸಬಹುದು, ತಿದ್ದಬಹುದು, ಹಂಚಬಹುದು. ಅಕ್ಷರ ದಾಸೋಹವನ್ನು ಬಲ್ಲ ನಮ್ಮ ಮಠಗಳ ಪರಂಪರೆಗೆ ಇದು ಅಪರಿಚಿತವಾದ ಭಾವನೆಯಲ್ಲ.

ಮಕ್ಕಳ ಗೋಡೆಪತ್ರಿಕೆ, ಕ್ರೀಡೋತ್ಸವದ ಪಟ, ನಾಟಕದ ಭಿತ್ತಿಪತ್ರ, ಶಿಶುವಿಹಾರದ ಬಾಗಿಲು, ಇಲ್ಲೆಲ್ಲ ಇಂಥ ಅಕ್ಷರಗಳು ಶೋಭಿಸುತ್ತವೆ. ಆದರೆ ಸಿಕ್ಕಸಿಕ್ಕಲ್ಲಿ ಅವನ್ನು ತುಂಬುವುದು ತರವಲ್ಲ. ಕನ್ನಡದ ‘ದ’ಕಾರಕ್ಕೂ ‘ಧ’ಕಾರಕ್ಕೂ, ‘ಪ’ಕಾರಕ್ಕೂ ‘ಫ’ಕಾರಕ್ಕೂ ಇರುವ ಭೇದವು ಅಡಿಯಲ್ಲಿರುವ ಒಂದು ಪುಟ್ಟ ಸೀಳು ಮಾತ್ರ. ಅಕ್ಷರ ದಪ್ಪವಾಗಿ ಗಾತ್ರ ಕಿರಿದಾದರೆ ಆ ಸೀಳು ಮುಚ್ಚಿಹೋಗುತ್ತದೆ. ಸಮಾರಂಭವೊಂದರ ಕರಪತ್ರದಲ್ಲಿ ‘ಧನಸಹಾಯ ಮಾಡಿದವರು’ ಎಂಬುದು ‘ದನಸಹಾಯ’ವಾಗಿ ಕಂಡು ಸಭಿಕರು ನಕ್ಕುದನ್ನು ನಾನು ನೋಡಿದ್ದೇನೆ. ದಾನಿಗಳೂ ನಕ್ಕರು, ಅದು ಅವರ ದೊಡ್ಡತನ. ಆದರೆ ಆಗತಾನೆ ಓದು ಕಲಿಯುತ್ತಿರುವ ಮಗುವಿಗೆ ಅದು ನಗೆಯ ಮಾತಲ್ಲ. ಕಂಡುದನ್ನೇ ಸರಿಯೆಂದು ನಂಬುವ ವಯಸ್ಸು ಅದು. ಒತ್ತಕ್ಷರಗಳ ಪಾಡೂ ಇಷ್ಟೆ.

ಆದುದರಿಂದ ನನ್ನ ವಿನಂತಿ ಇದು. ಕುಂಚಬರಹದ ಅಕ್ಷರಗಳು ನಾಲ್ಕಾರು ಪದಗಳ ಶೀರ್ಷಿಕೆಗೆ, ದೊಡ್ಡ ಗಾತ್ರದಲ್ಲಿ ಮಾತ್ರ ಇರಲಿ. ಶರಣರ ವಚನಗಳು, ದಾನಿಗಳ ನಾಮಫಲಕ, ಪ್ರಶ್ನೆಪತ್ರಿಕೆ ಮೊದಲಾದವು ಸರಳವಾದ, ಸ್ಫುಟವಾದ ಅಕ್ಷರಗಳಲ್ಲಿರಲಿ. ಯಾವುದೇ ಫಲಕವನ್ನು ಮುದ್ರಣಕ್ಕೆ ಕಳುಹಿಸುವ ಮೊದಲು ಮೂರನೆಯ ತರಗತಿಯ ಒಬ್ಬ ವಿದ್ಯಾರ್ಥಿಯಿಂದ ಗಟ್ಟಿಯಾಗಿ ಓದಿಸಿ ನೋಡೋಣ. ಅದಕ್ಕಿಂತ ಉತ್ತಮ ಪರೀಕ್ಷಕರು ಸಿಗಲಾರರು.

ಇನ್ನೊಂದು ಮಾತು. ಯಂತ್ರದ ಅಕ್ಷರ ಕುಂಚದ ಬೀಸನ್ನು ತೋರಿಸಬಲ್ಲುದೇ ಹೊರತು ಮಗುವಿನ ಕೈಯನ್ನು ಪಳಗಿಸಲಾರದು. ಫ್ಲೆಕ್ಸಿಗೆ ವ್ಯಯವಾಗುವ ಹಣದಲ್ಲಿ ಒಂದು ಪಾಲನ್ನು ಕುಂಚ ಬಣ್ಣಗಳಿಗೆ ಮೀಸಲಿಟ್ಟು, ಊರಿನ ಹಿರಿಯ ಫಲಕ ಕಲಾವಿದರೊಬ್ಬರನ್ನು ಗೌರವದಿಂದ ಶಾಲೆಗೆ ಕರೆಸೋಣ. ಮುಂದಿನ ವಾರ್ಷಿಕೋತ್ಸವದ ಸ್ವಾಗತ ಫಲಕವನ್ನಾದರೂ ನಮ್ಮ ಮಕ್ಕಳೇ ಬರೆಯಲಿ. ಅಕ್ಷರ ತುಸು ವಕ್ರವಾದರೂ ಚಿಂತೆಯಿಲ್ಲ. ‘ಧ’ಕಾರದ ಸೀಳು ಮಾತ್ರ ಸ್ಪಷ್ಟವಾಗಿರಲಿ.