ಮುದಿ ಎತ್ತಿಗೆ ಚಾಟಿ ಬೀಸಿದರೆ?

ಹೋದ ಭಾನುವಾರ ಗಂಗಾವತಿಯಿಂದ ಅಕ್ಕನ ಮಗನ ಫೋನು. ದನಿ ಸಣ್ಣಗಾಗಿತ್ತು.

‘ಮಾಮಾ, ಕಂಪ್ಯೂಟರ್ ಚಾಲೂ ಆಗವಲ್ದು. ಫ್ಯಾನ್ ತಿರಗತೈತಿ, ಪರದೆ ಮ್ಯಾಲ ಏನೂ ಬರವಲ್ದು.’

‘ಏನ್ ಮಾಡಿದ್ದಿ?’

‘ಗೇಮ್ ಜೋರ್ ಓಡ್ಲಿ ಅಂತ ಸ್ಪೀಡ್ ಹೆಚ್ಚ ಮಾಡಿದೆ. ಅದ್ರಾಗ ಆಯಿ ಹಾಡಿದ ಬೀಸೋ ಪದ ಅದಾವು. ಅವ್ವಗ ಇನ್ನೂ ಹೇಳಿಲ್ಲ.’

ಆಯಿ ಅಂದರೆ ನನ್ನ ಅವ್ವ. ಆಕೆ ಈಗಿಲ್ಲ. ಆ ಪದಗಳು ಬೇರೆಲ್ಲೂ ಇಲ್ಲ.

ಮಕ್ಕಳೇ, ಆದದ್ದು ಇಷ್ಟು. ಅವರದು ಹಳೆಯ ಕೋರ್ 2 ಡ್ಯುಯೊ ಇ7500 ಪ್ರೊಸೆಸರ್. ಮದರ್‌ಬೋರ್ಡಿನ ತಾಳ 266 ಮೆಗಾಹರ್ಟ್ಸ್; ಅದರ 11 ಪಟ್ಟು, ಅಂದರೆ ಸುಮಾರು 2.93 ಗಿಗಾಹರ್ಟ್ಸ್ ಪ್ರೊಸೆಸರಿನ ವೇಗ. ಹುಡುಗ ಬಯಾಸ್‌ಗೆ ಹೋಗಿ ತಾಳವನ್ನು ಒಮ್ಮೆಲೇ 333ಕ್ಕೆ ಏರಿಸಿದ್ದ. ವೇಗ 3.66 ಆಗಬೇಕು! ಇದೇ ಓವರ್‌ಕ್ಲಾಕಿಂಗ್. ಅದೇ ತಾಳಕ್ಕೆ ರ್‍ಯಾಮ್ ಕೂಡ ಕುಣಿಯಬೇಕು. ಯಾವುದೋ ಒಂದಕ್ಕೆ ಆಗಲಿಲ್ಲ, ಯಂತ್ರ ಮೊದಲ ತಪಾಸಣೆಯಲ್ಲೇ ನಿಂತಿತು.

‘ಹೆದರಬ್ಯಾಡ. ಆ ಸೆಟ್ಟಿಂಗ್ ಇರೋದು ಮದರ್‌ಬೋರ್ಡಿನಾಗ. ಪದ ಇರೋದು ಹಾರ್ಡ್‌ಡಿಸ್ಕಿನಾಗ. ಅಪ್ಪನ್ನ ಕರಿ’ ಎಂದೆ.

ಅಪ್ಪನೆದುರು ಕೆಲಸ ಶುರುವಾಯಿತು. ಸ್ವಿಚ್ ಆರಿಸಿ ಪ್ಲಗ್ ಕಿತ್ತರು. ಉಳಿದ ವಿದ್ಯುತ್ ಇಳಿಯಲೆಂದು ಪವರ್ ಗುಂಡಿಯನ್ನು ಹತ್ತು ಸೆಕೆಂಡ್ ಒತ್ತಿ ಹಿಡಿದರು. ಮುಚ್ಚಳ ತೆಗೆದು, ಪೆಟ್ಟಿಗೆಯ ಲೋಹ ಮುಟ್ಟಿದ ಮೇಲೆ, ನಾಣ್ಯದಂಥ ಸಿಆರ್2032 ಬ್ಯಾಟರಿ ಹೊರತೆಗೆದರು. ಹತ್ತು ನಿಮಿಷ ಬಿಟ್ಟು, ಕೂಡಿಸುವ ಚಿಹ್ನೆ ಮೇಲೆ ಬರುವಂತೆ ಕೂಡಿಸಿದರು. ಬ್ಯಾಟರಿ ಇಲ್ಲದಾಗ ಬಯಾಸ್ ತನ್ನ ಮೂಲ ಸೆಟ್ಟಿಂಗ್‌ಗೆ ಮರಳುತ್ತದೆ. ಆಗಲೂ ಏಳದಿದ್ದರೆ ಒಂದೇ ರ್‍ಯಾಮ್ ಇಟ್ಟು ನೋಡಬೇಕು. ಕರೆಂಟ್ ಒಳಬರುವ ಪವರ್ ಸಪ್ಲೈ ಡಬ್ಬಿಯನ್ನು ಮಾತ್ರ ಎಂದೂ ಬಿಚ್ಚಬಾರದು.

‘ಬಂತು ಮಾಮಾ!’

ದಿನಾಂಕ ತಪ್ಪಾಗಿತ್ತು, ಸರಿಪಡಿಸಿದ. ವಿಂಡೋಸ್ ಅರ್ಧಕ್ಕೇ ನಿಂತಿತು. ಬಯಾಸ್‌ನಲ್ಲಿ ಸಾಟಾ ಮೋಡ್ ಬದಲಾಗಿತ್ತು. ಮೊದಲಿನಂತೆ ಇಟ್ಟ ಮೇಲೆ ಪೂರ್ತಿ ಎದ್ದಿತು.

‘ಈಗ ಮೊದಲ ಕೆಲಸ ಏನು?’

‘ಗೇಮ್?’

‘ಪದ ಪೆನ್‌ಡ್ರೈವ್‌ಗೆ ಹಾಕು. ಆಮ್ಯಾಲ ಅವ್ವಗ ಹೇಳು.’

ವೇಗ ಹೆಚ್ಚಿಸಲೇಬೇಕು ಅನ್ನುವವರು ಮೊದಲು ಕಡತಗಳ ನಕಲು ಮಾಡಿಕೊಳ್ಳಿ. ತಾಳವನ್ನು ಐದೈದೇ ಮೆಗಾಹರ್ಟ್ಸ್ ಏರಿಸಿ, ಪ್ರತಿ ಸಲ ನೋಟ್‌ಬುಕ್ಕಿನಲ್ಲಿ ಬರೆದಿಡಿ, ಬಿಸಿ ಎಷ್ಟೆಂದು ನೋಡಿ. ಕೊಪ್ಪಳ, ಕುಷ್ಟಗಿ, ಯಲಬುರ್ಗಾದ ಬೇಸಿಗೆ 40 ಡಿಗ್ರಿ ದಾಟುತ್ತದೆ. ಫ್ಯಾನಿನ ದೂಳು ಒರೆಸದೆ ಈ ಕೆಲಸಕ್ಕೆ ಕೈಹಾಕಬೇಡಿ. ನಿಜ ಹೇಳಬೇಕೆಂದರೆ, ಹಳೆಯ ಹಾರ್ಡ್‌ಡಿಸ್ಕ್ ಬದಲು ಒಂದು ಎಸ್‌ಎಸ್‌ಡಿ ಹಾಕಿದರೆ ಕಂಪ್ಯೂಟರ್ ಇದಕ್ಕಿಂತ ಚುರುಕಾಗುತ್ತದೆ. ಮುದಿ ಎತ್ತಿಗೆ ಚಾಟಿಗಿಂತ ಹಗುರ ಗಾಡಿ ಮೇಲು.

ಸಂಜೆ ಅಕ್ಕನೇ ಫೋನ್ ಮಾಡಿದಳು. ಹಿಂದೆ ಅವ್ವನ ದನಿ ಕೇಳುತ್ತಿತ್ತು.

‘ಹುಡುಗಗ ಬೈದಿ ಏನು?’

‘ಬೈದೆ. ಆಮ್ಯಾಲ ಇಬ್ರೂ ಕುಂತು ಕೇಳಾಕ ಹತ್ತೀವಿ.’