ಬೋಗಿಯ ಬಾಗಿಲು

ಹಬ್ಬದ ಹಿಂದಿನ ದಿನ ಪ್ಯಾಸೆಂಜರ್ ರೈಲು ಹತ್ತಿದ ಅನುಭವ ನಿಮಗೆಲ್ಲ ಇದ್ದೇ ಇರುತ್ತದೆ. ಪ್ಲಾಟ್‌ಫಾರಂನಲ್ಲಿ ನಿಂತು "ಸ್ವಲ್ಪ ಜರುಗೀಪ್ಪಾ, ನಾವೂ ಊರಿಗೆ ಹೋಗೋರೇ" ಎಂದು ಗೋಗರೆದು ಹೇಗೋ ಒಳಗೆ ನುಗ್ಗಿದವರೇ, ಮುಂದಿನ ಸ್ಟೇಷನ್ ಬರುವಷ್ಟರಲ್ಲಿ ಬಾಗಿಲಿಗೆ ಅಡ್ಡ ನಿಂತು "ಇಲ್ಲಿ ಜಾಗ ಇಲ್ಲ, ಹಿಂದಿನ ಬೋಗಿಗೆ ಹೋಗಿ" ಎನ್ನುತ್ತಾರೆ. ನಮ್ಮ ದೇಶದ ವ್ಯಾಪಾರ, ರಾಜಕೀಯ, ಸಿನಿಮಾ ಎಲ್ಲವೂ ಈ ಬೋಗಿಯ ಹಾಗೇ ಎನ್ನುವುದು ನನ್ನ ಅಭಿಪ್ರಾಯ. ಒಳಗಿದ್ದವರಿಗೆ ಬಾಗಿಲು ಮುಚ್ಚಿದ್ದರೆ ಸಮಾಧಾನ. ಹೊರಗಿದ್ದವರಿಗೆ ಮಾತ್ರ ಸ್ವಾತಂತ್ರ್ಯದ ನೆನಪು.

ಹೀಗೆಂದರೆ ನಮ್ಮ ಮನೆಯವರು ನಗುತ್ತಾರೆ. "ನೋಡಪ್ಪಾ, ನಮ್ಮನೇಲೇ ಒಬ್ಬರು ಹಣಕಾಸು ಮಂತ್ರಿ ಇದ್ದಾರೆ" ಎಂದು ಮಗನಿಗೆ ಕಣ್ಣು ಹೊಡೆಯುತ್ತಾರೆ. ನಗಲಿ ಬಿಡಿ. ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ, ನಿಜ. ಆದರೆ ಇಪ್ಪತ್ತೆರಡು ವರ್ಷದಿಂದ ಈ ಮನೆಯ ತಿಂಗಳ ಸಾಮಾನಿನ ಚೀಟಿ ಬರೆಯುತ್ತಿರುವವಳು ನಾನು. ಬೇಳೆ ಎಲ್ಲಿ ಎರಡು ರೂಪಾಯಿ ಕಡಿಮೆ ಎಂದು ಮೂರು ಅಂಗಡಿ ಸುತ್ತುವ ಹೆಂಗಸಿಗೆ ಪೈಪೋಟಿ ಎಂದರೇನು ಎಂದು ಯಾವ ಕಾಲೇಜೂ ಕಲಿಸಬೇಕಾಗಿಲ್ಲ. ಅಂಗಡಿ ಒಂದೇ ಆದರೆ ಅಂಗಡಿಯವನ ಮುಖ ಹೇಗಿರುತ್ತದೆ, ಎದುರಿಗೆ ಇನ್ನೊಂದು ತೆರೆದ ಮೇಲೆ ಅದೇ ಮುಖ ಹೇಗಾಗುತ್ತದೆ, ನೋಡಿಲ್ಲವೇ ನೀವು?

ಸರಿ, ಹಾಲಿನಿಂದಲೇ ಶುರು ಮಾಡೋಣ. ಬೆಳಗಾಗುವುದೇ ಅದರಿಂದ.

2023ರ ಏಪ್ರಿಲ್‌ನಲ್ಲಿ, ವಿಧಾನಸಭೆ ಚುನಾವಣೆಯ ಹೊಸ್ತಿಲಲ್ಲಿ, ಗುಜರಾತಿನ ಅಮುಲ್‌ನವರು ಬೆಂಗಳೂರಿನಲ್ಲಿ ಹಾಲು ಮೊಸರು ಮಾರುತ್ತೇವೆ ಎಂದಾಗ ಎದ್ದ ಗದ್ದಲ ನೆನಪಿದೆಯಷ್ಟೆ? ನಂದಿನಿ ಉಳಿಸಿ ಎಂದರು. ಹೋಟೆಲಿನವರ ಸಂಘ ನಾವು ನಂದಿನಿ ಹಾಲನ್ನೇ ಬಳಸುತ್ತೇವೆ ಎಂದಿತು. ನಾನೂ ನಂದಿನಿಯವಳೇ, ಆ ನೀಲಿ ಪ್ಯಾಕೆಟ್ಟಿನ ಹೊರತು ನಮ್ಮ ಮನೆಯಲ್ಲಿ ಕಾಫಿ ಇಲ್ಲ. ಆದರೂ "ಬರಲಿ ಬಿಡಿ" ಎಂದೆ. ಹಾಗೆ ಅಂದದ್ದಕ್ಕೆ ನಮ್ಮ ಬೀದಿಯಲ್ಲಿ ಎರಡು ದಿನ ಯಾರೂ ಸರಿಯಾಗಿ ಮಾತಾಡಿಸಲಿಲ್ಲ ಎನ್ನಿ.

ನನ್ನ ಮಾತು ಇಷ್ಟೇ. ಅದೇ ವರ್ಷ ನಮ್ಮ ನಂದಿನಿಯವರು ಕೇರಳದಲ್ಲಿ ಮಳಿಗೆ ತೆರೆದಾಗ ಅಲ್ಲಿನ ಮಿಲ್ಮಾದವರು ಇದು ಅನ್ಯಾಯ ಎಂದು ತಕರಾರು ತೆಗೆದರು. ಆಗ ನಾವು "ಮಾರಿದರೆ ತಪ್ಪೇನು" ಎಂದೆವು. 2024ರ ನವೆಂಬರ್‌ನಲ್ಲಿ ದೆಹಲಿಗೂ ಹೋದೆವು. ಅದೇ ವರ್ಷದ ಟಿ20 ವಿಶ್ವಕಪ್‌ನಲ್ಲಿ ಸ್ಕಾಟ್ಲೆಂಡ್, ಐರ್ಲೆಂಡ್ ತಂಡದವರು ನಂದಿನಿ ಎಂದು ಬರೆದ ಅಂಗಿ ತೊಟ್ಟು ಆಡಿದಾಗ ನನ್ನ ಮಗನಿಗೆ ಹಿಡಿಸಲಾರದ ಹಿಗ್ಗು! ನಾವು ಹೋದರೆ ಹೆಮ್ಮೆ, ಅವರು ಬಂದರೆ ಆಕ್ರಮಣ. ಇದೆಂಥ ನ್ಯಾಯ?

ಅಮುಲ್ ಹುಟ್ಟಿದ ಕತೆಯನ್ನೇ ನೋಡಿ. 1945ರಲ್ಲಿ ಬೊಂಬಾಯಿ ಸರ್ಕಾರ ಖೇಡಾ ಜಿಲ್ಲೆಯ ಹಾಲು ಸಂಗ್ರಹಿಸುವ ಹಕ್ಕನ್ನು ಪೋಲ್ಸನ್ ಎಂಬ ಒಂದೇ ಕಂಪನಿಗೆ ಕೊಟ್ಟುಬಿಟ್ಟಿತು. ರೈತರಿಗೆ ಬೇರೆ ಗಿರಾಕಿಯೇ ಇಲ್ಲ, ಅವರು ಕೊಟ್ಟಷ್ಟು ತೆಗೆದುಕೊಳ್ಳಬೇಕು. ಸರ್ದಾರ್ ಪಟೇಲರ ಮಾತಿನ ಮೇಲೆ ರೈತರು ಹದಿನೈದು ದಿನ ಕಂಪನಿಗೆ ಹಾಲು ಹಾಕಲಿಲ್ಲ. ತ್ರಿಭುವನದಾಸ್ ಪಟೇಲರು ಊರೂರು ತಿರುಗಿ ಸಂಘ ಕಟ್ಟಿದರು, 1946ರ ಡಿಸೆಂಬರ್‌ನಲ್ಲಿ ಅದು ನೋಂದಣಿಯಾಯಿತು. ಮುಚ್ಚಿದ ಬಾಗಿಲನ್ನು ತಳ್ಳಿಕೊಂಡು ಬಂದವರು ಅವರು. ಅದೇ ಆನಂದದ ಮಾದರಿಯಲ್ಲಿ ನಮ್ಮಲ್ಲಿ 1974ರಲ್ಲಿ ಶುರುವಾದದ್ದೇ ಇವತ್ತಿನ ನಂದಿನಿ. ಅಂದರೆ ಇಬ್ಬರೂ ಒಂದೇ ಬಳ್ಳಿಯ ಕಾಯಿ.

ಇದನ್ನೆಲ್ಲ ನಾನು ತವರಿಗೆ ಹೋದಾಗ ಅತ್ತಿಗೆಯ ಮುಂದೆ ಬಲು ಉತ್ಸಾಹದಿಂದ ಹೇಳಿದೆ. ನಮ್ಮ ತವರು ಮಂಡ್ಯ ಕಡೆ. ಅಣ್ಣನದು ಒಂದೂವರೆ ಎಕರೆ ಕಬ್ಬು, ಕಾರ್ಖಾನೆ ದುಡ್ಡು ಬಂದಾಗ ಬಂತು. ಮನೆ ನಡೆಯುವುದು ಅತ್ತಿಗೆಯ ಎರಡು ಸೀಮೆಹಸುವಿನಿಂದ. ಬೆಳಿಗ್ಗೆ ಸಂಜೆ ಡೈರಿಗೆ ಹಾಲು ಹಾಕಿ, ವಾರದ ಬಟವಾಡೆಯಲ್ಲಿ ಮಗಳ ಕಾಲೇಜಿನ ಬಸ್ ಪಾಸು, ಫೀಡ್ಸಿನ ಮೂಟೆ, ಸ್ತ್ರೀಶಕ್ತಿ ಸಂಘದ ಕಂತು ಎಲ್ಲ ಹೊಂದಿಸುವವಳು ಅವಳೇ.

"ನಿನ್ಗೇನವ್ವ, ಪೇಟೇಲಿ ಕೂತ್ಕಂಡು ಬರ್ಲಿ ಬರ್ಲಿ ಅಂತೀಯ" ಎಂದಳು ಸಗಣಿ ಬಾಚುತ್ತಲೇ. "ನಮ್ಮೂರ್ಗೂ ಒಬ್ಬ ಪ್ರೈವೇಟ್ ಡೈರಿಯೋನು ಬಂದಿದ್ದ. ಲೀಟ್ರಿಗೆ ಎರಡು ರೂಪಾಯಿ ಜಾಸ್ತಿ ಅಂದ. ಅರ್ಧ ಊರು ಅವನತ್ರ ಹೋಯ್ತು. ಎಂಟು ತಿಂಗಳು ಕೊಟ್ಟ. ಮಳೆ ಬಿದ್ದು ಮೇವಾಗಿ ಹಾಲು ಜಾಸ್ತಿ ಆದಾಗ ನೀರು ಅಂದ, ಫ್ಯಾಟ್ ಇಲ್ಲ ಅಂದ, ಆಮೇಲೆ ಗಾಡೀನೇ ಬರ್ಲಿಲ್ಲ. ಕೊರೋನಾದಲ್ಲಿ ಹೋಟ್ಲು ಛತ್ರ ಎಲ್ಲ ಮುಚ್ಚಿದ್ವಲ್ಲ, ಆಗ ನಮ್ಮ ಹಾಲು ಯಾರು ತಗಂಡ್ರು? ನಮ್ ಡೈರಿಯೋರೇ ತಗಂಡ್ರು."

ಅದು ನಿಜ. 2020ರ ಏಪ್ರಿಲ್‌ನಲ್ಲಿ ಉಳಿದ ಹಾಲನ್ನು ಸರ್ಕಾರವೇ ಕೊಂಡು ಬಡವರ ಕೇರಿಗಳಲ್ಲಿ ಪುಕ್ಕಟೆ ಹಂಚಿತ್ತು. ಲೀಟರಿಗೆ ಇಷ್ಟೆಂದು ಪ್ರೋತ್ಸಾಹಧನ ಬೇರೆ ಇದೆ, ಅದು ತಡವಾಗಿ ಬಂದರೂ ಬರುತ್ತದೆ.

"ಹಾಗಾದ್ರೆ ಅತ್ತಿಗೆ, ಈ ಡೈರಿ ಯಾರದ್ದು?" ಎಂದು ಕೇಳಿದೆ.

"ನಮ್ದೇ. ನಾನೂ ಷೇರುದಾರ್‍ಳು, ನೂರು ರೂಪಾಯಿ ಕಟ್ಟಿವ್ನಿ."

"ನಿಮ್ದೇ ಆದ್ರೆ ಹಾಲಿಗೆ ರೇಟು ಕಟ್ಟೋರು ಯಾರು?"

ಅತ್ತಿಗೆ ಪೊರಕೆ ನಿಲ್ಲಿಸಿ ನನ್ನ ಮುಖ ನೋಡಿದಳು. ಅಲ್ಲೇ ಇದೆ ನೋಡಿ ಗೆಳತಿಯರೇ, ನನ್ನ ತಕರಾರು. ಹಸು ಅವಳದು, ಹುಲ್ಲು ಅವಳದು, ಸಂಘ ಅವಳದು. ಆದರೆ ಪ್ಯಾಕೆಟ್ಟಿನ ಬೆಲೆ ಏರಬೇಕಾದರೆ ಬೆಂಗಳೂರಿನಲ್ಲಿ ಸರ್ಕಾರ ಹೂಂ ಅನ್ನಬೇಕು. ಬೂಸ, ಹಿಂಡಿಯ ಬೆಲೆ ಯಾರ ಅಪ್ಪಣೆಯನ್ನೂ ಕೇಳದೆ ಏರುತ್ತದೆ, ಹಾಲಿನ ಬೆಲೆ ಮಾತ್ರ ಚುನಾವಣೆ ಮುಗಿಯಲಿ, ಹಬ್ಬ ಕಳೆಯಲಿ ಎಂದು ಕಾಯುತ್ತದೆ. ಆಮೇಲೆ ಒಂದೇ ಸಲ ಏರುತ್ತದೆ. 2023ರ ಆಗಸ್ಟ್‌ನಲ್ಲಿ 3 ರೂಪಾಯಿ, 2025ರ ಏಪ್ರಿಲ್‌ನಲ್ಲಿ 4 ರೂಪಾಯಿ. ನಡುವೆ 2024ರ ಜೂನ್‌ನಲ್ಲಿ ಪ್ಯಾಕೆಟ್ಟಿಗೆ 50 ಮಿಲಿ ಹೆಚ್ಚು ತುಂಬಿ 2 ರೂಪಾಯಿ ಏರಿಸಿ, ಇದು ಬೆಲೆಯೇರಿಕೆ ಅಲ್ಲ ಎಂದರು! ನನಗೆ ಆ 50 ಮಿಲಿ ಬೇಕೇ ಎಂದು ಕೇಳಿದವರಿಲ್ಲ. ಅತ್ತಿಗೆಯನ್ನೂ ಕೇಳಲಿಲ್ಲ.

ಆದ್ದರಿಂದ ಅಮುಲ್ ಬರಬಾರದು ಎಂದು ಕಾವಲು ಕಾಯುವುದಕ್ಕಿಂತ, ನಂದಿನಿಯನ್ನು ಅದರ ಷೇರುದಾರರ ಕೈಗೇ ಬಿಡಿ ಎನ್ನುತ್ತೇನೆ ನಾನು. ಬೆಲೆ ಅವರೇ ಕಟ್ಟಲಿ. ಒಳ್ಳೆಯ ಹಾಲು, ಒಳ್ಳೆಯ ಹೆಸರು ಎರಡೂ ಇದೆ, ಹೆದರುವುದು ಯಾಕೆ? ಅತ್ತಿಗೆ ಮಾತ್ರ ಇದನ್ನು ಒಪ್ಪಿಲ್ಲ. "ಇಬ್ರು ಗಿರಾಕಿ ಇದ್ರೆ ಒಳ್ಳೇದೇ. ಇಬ್ರಲ್ಲಿ ಒಬ್ಬ ನಮ್ಮ ಡೈರೀನ ಮುಳುಗಿಸಿ ತಾನೂ ಓಡೋದ್ರೆ ಏನ್ಮಾಡ್ಲಿ, ನಿನ್ ಮನೆ ಬಾಗ್ಲಿಗೆ ಕ್ಯಾನ್ ತರ್ಲಾ?" ಎಂದಳು. ಆ ಪ್ರಶ್ನೆ ನಮ್ಮಿಬ್ಬರ ನಡುವೆ ಇನ್ನೂ ಹಾಗೇ ಇದೆ. ಪ್ರತಿ ಸಲ ಹೋದಾಗಲೂ ಒಂದು ಸುತ್ತು ಜಗಳವಾಡಿ, ಗಿಣ್ಣು ಇದ್ದರೆ ಕಟ್ಟಿಸಿಕೊಂಡು ಬರುತ್ತೇನೆ.

ನಂದಿನಿ ಹಾಲಿನ ಜಾಹೀರಾತಿಗೆ ನಿಂತವರು ನಮ್ಮ ಅಣ್ಣಾವ್ರು. ಆಮೇಲೆ ಪುನೀತ್. ಅಣ್ಣಾವ್ರ ಹೆಸರು ಬಂದದ್ದರಿಂದ ಸಿನಿಮಾಕ್ಕೂ ಬರುತ್ತೇನೆ, ಅಲ್ಲೂ ಇದೇ ಬಾಗಿಲಿನ ಕತೆ.

1960ರ ದಶಕದಲ್ಲಿ ಕನ್ನಡ ಚಿತ್ರಗಳು ತೆವಳುತ್ತಿದ್ದ ಕಾಲ. ಸ್ಟುಡಿಯೋಗಳೆಲ್ಲ ಮದರಾಸಿನಲ್ಲಿ, ನಮ್ಮವರಿಗೆ ಕೆಲಸವಿಲ್ಲ. ಆಗ ಅನಕೃ ಅವರಂಥ ಸಾಹಿತಿಗಳು, ಅಣ್ಣಾವ್ರಂಥ ನಟರು ಡಬ್ಬಿಂಗ್ ಬೇಡ ಎಂದರು. ಆ ಕಾಲಕ್ಕೆ ಅವರ ಸಂಕಟ ಅರ್ಥವಾಗುತ್ತದೆ. ಆದರೆ ಸಸಿಗೆ ಕಟ್ಟಿದ ಬೇಲಿಯನ್ನು ಮರವಾದ ಮೇಲೂ ತೆಗೆಯಲಿಲ್ಲ. ಕಾನೂನು ಏನೂ ಇರಲಿಲ್ಲ, ಬರೀ ಒಳಗಿದ್ದವರ ಕಟ್ಟುಪಾಡು. ಅದು ಐವತ್ತು ವರ್ಷ ನಡೆಯಿತು. 2012ರಲ್ಲಿ ಆಮೀರ್ ಖಾನರ 'ಸತ್ಯಮೇವ ಜಯತೇ' ಅಕ್ಕಪಕ್ಕದ ಭಾಷೆಗಳಲ್ಲೆಲ್ಲ ಟಿ.ವಿ.ಯಲ್ಲಿ ಬಂತು, ನಮ್ಮ ಟಿ.ವಿ.ಯಲ್ಲಿ ಕನ್ನಡದಲ್ಲಿ ಬರಲಿಲ್ಲ. ಹೆಣ್ಣು ಭ್ರೂಣಹತ್ಯೆಯ ಬಗ್ಗೆ ಮೊದಲನೇ ಕಂತು. ಹಿಂದಿ ಬಾರದ ನಮ್ಮತ್ತೆಗೆ ನಾನು ಪಕ್ಕದಲ್ಲಿ ಕೂತು ಅರ್ಧಂಬರ್ಧ ಹೇಳಬೇಕಾಯಿತು. ಕನ್ನಡ ಉಳಿಸುವುದಕ್ಕಾಗಿ ಕನ್ನಡದವರೇ ಹಿಂದಿಯಲ್ಲಿ ನೋಡಬೇಕೆಂದರೆ ಹೇಗೆ?

ಕೊನೆಗೆ ಕನ್ನಡ ಗ್ರಾಹಕರ ಕೂಟದವರು ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟರು. 2015ರ ಜುಲೈನಲ್ಲಿ ಆಯೋಗ ಡಬ್ಬಿಂಗ್ ತಡೆಯುವುದು ತಪ್ಪೆಂದು ಹೇಳಿ ವಾಣಿಜ್ಯ ಮಂಡಳಿಗೆ ದಂಡ ಹಾಕಿತು. 2017ರ ಮಾರ್ಚ್‌ನಲ್ಲಿ ಅಜಿತರ ತಮಿಳು ಚಿತ್ರವೊಂದು 'ಸತ್ಯದೇವ್ ಐಪಿಎಸ್' ಎಂದು ಕನ್ನಡ ಮಾತಾಡುತ್ತಾ ಬಂತು. ಆಕಾಶ ಕಳಚಿ ಬಿತ್ತೇ? ಇಲ್ಲ. 2018ರ ಡಿಸೆಂಬರ್‌ನಲ್ಲಿ ನಮ್ಮ 'ಕೆಜಿಎಫ್' ಹಿಂದಿ, ತೆಲುಗು, ತಮಿಳು, ಮಲಯಾಳಕ್ಕೆ ಡಬ್ ಆಗಿ ಹೋಗಿ ದೇಶವನ್ನೆಲ್ಲ ಗೆದ್ದು ಬಂತು. 2022ರಲ್ಲಿ 'ಕಾಂತಾರ'ದ್ದೂ ಅದೇ ದಾರಿ. ಬಾಗಿಲು ತೆಗೆದರೆ ಅವರು ಒಳಗೆ ಬರುತ್ತಾರೆ ಎಂದಷ್ಟೇ ಲೆಕ್ಕ ಹಾಕಿದ್ದರು, ನಾವೂ ಅದೇ ಬಾಗಿಲಿನಿಂದ ಹೊರಗೆ ಹೋಗಬಹುದು ಎನ್ನುವುದು ಹೊಳೆದಿರಲಿಲ್ಲ. 2020ರ ಲಾಕ್‌ಡೌನ್‌ನಲ್ಲಿ ಸ್ಟಾರ್ ಸುವರ್ಣದಲ್ಲಿ ಕನ್ನಡದ 'ಮಹಾಭಾರತ' ಬಂದಾಗ ನಮ್ಮತ್ತೆ ಸಾರಿಗೆ ಒಗ್ಗರಣೆ ಹಾಕುವುದನ್ನೂ ಬಿಟ್ಟು ಕೂರುತ್ತಿದ್ದರು. ಕೃಷ್ಣ ಕನ್ನಡದಲ್ಲಿ ಗೀತೆ ಹೇಳಿದ್ದಕ್ಕೆ ಅವರು ಕೈಮುಗಿದದ್ದನ್ನು ನಾನೇ ನೋಡಿದ್ದೇನೆ.

ಇನ್ನು ಟಿಕೆಟ್ಟಿನ ವಿಷಯ. ಇದನ್ನು ಹೇಳಿದರೆ ನೀವೂ ನನ್ನ ಮೇಲೆ ಸಿಟ್ಟಾಗುತ್ತೀರಿ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಚಿತ್ರಮಂದಿರಗಳಲ್ಲಿ ಟಿಕೆಟ್ ಬೆಲೆ, ತೆರಿಗೆ ಬಿಟ್ಟು, 200 ರೂಪಾಯಿ ಮೀರಬಾರದು ಎಂದು ಆದೇಶ ಹೊರಡಿಸಿತು. 2017ರಲ್ಲೂ ಇಂಥದ್ದೇ ಒಂದು ಹೊರಟಿತ್ತು. ಈ ಸಲ ಅದೇ ತಿಂಗಳೊಳಗೆ ಹೈಕೋರ್ಟು ತಡೆ ಕೊಟ್ಟಿತು. ನಾಲ್ಕು ಜನ ಹೋದರೆ ಎರಡು ಸಾವಿರ ಖರ್ಚಾಗುವಾಗ 200 ರೂಪಾಯಿ ಯಾರಿಗೆ ಬೇಡ? ನನಗೂ ಬೇಕು. ಆದರೆ ನನಗೆ ಹಳೆಯ ಟಾಕೀಸು ನೆನಪಿದೆ. ಬಾಲ್ಕನಿಗೆ ಇಷ್ಟೇ ಎಂದು ಬೋರ್ಡು ತೂಗುಹಾಕಿರುತ್ತಿದ್ದರು, ಕಿಂಡಿಯಲ್ಲಿ ಕೈ ತೂರಿಸುವಷ್ಟರಲ್ಲಿ ಹೌಸ್‌ಫುಲ್. ಹೊರಗೆ ಪಟ್ಟೆ ಅಂಗಿಯವನೊಬ್ಬ "ಐದು ಹತ್ತು, ಐದು ಹತ್ತು" ಎಂದು ಪಿಸುಗುಡುತ್ತಿದ್ದ. ಬೋರ್ಡಿನ ಬೆಲೆ ಯಾರಿಗೆ ಸಿಕ್ಕಿತು? ಆ ಹೆಚ್ಚಿನ ಐದು ರೂಪಾಯಿ ಟಾಕೀಸಿನವನಿಗೂ ಇಲ್ಲ, ಸಿನಿಮಾ ತೆಗೆದವನಿಗೂ ಇಲ್ಲ.

ಹಾಗೆಂದು ನಾನು ಮಲ್ಟಿಪ್ಲೆಕ್ಸಿನವರ ವಕೀಲಳಲ್ಲ. ಪೇಟೆಯ ಪರ ಇರುವುದಕ್ಕೂ ಪೇಟೆಯ ಸಾಹುಕಾರರ ಪರ ಇರುವುದಕ್ಕೂ ವ್ಯತ್ಯಾಸವಿದೆ. ಒಂದೊಂದಾಗಿ ಹಳೆಯ ಟಾಕೀಸುಗಳು ಮುಚ್ಚಿ ಕಲ್ಯಾಣಮಂಟಪ, ಕಾಂಪ್ಲೆಕ್ಸ್ ಆಗಿವೆ. ಬೆಲೆಗೆ ಗೆರೆ ಎಳೆಯುವ ಬದಲು, ಚಿಕ್ಕ ಊರಲ್ಲಿ ನೂರು ಸೀಟಿನ ಟಾಕೀಸು ತೆರೆಯುತ್ತೇನೆ ಎನ್ನುವವನನ್ನು ಪರವಾನಗಿಗೆ ಕಚೇರಿಯಿಂದ ಕಚೇರಿಗೆ ಅಲೆಸದೆ ಇದ್ದರೆ ಸಾಕು. ಎದುರಿಗೆ ಇನ್ನೊಂದು ಅಂಗಡಿ ಬಂದರೆ ಮುಖ ತಾನೇ ಮೆತ್ತಗಾಗುತ್ತದೆ ಎಂದೆನಲ್ಲ.

ಪಾಪ್‌ಕಾರ್ನ್ ಬಗ್ಗೆಯೂ ಕೇಳುತ್ತೀರಿ, ಗೊತ್ತು. ಹೊರಗಿನ ತಿಂಡಿ ಒಳಗೆ ಬಿಡದಿರುವ ಹಕ್ಕು ಚಿತ್ರಮಂದಿರದವರಿಗೆ ಇದೆ, ಆದರೆ ಕುಡಿಯುವ ನೀರು ಪುಕ್ಕಟೆ ಕೊಡಲೇಬೇಕು ಎಂದು 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಅವರ ಮನೆ, ಅವರ ನಿಯಮ. ಕೊಳ್ಳದಿರುವುದು ನನ್ನ ಹಕ್ಕು. ಅದಕ್ಕೇ ಸಿನಿಮಾಕ್ಕೆ ಹೊರಡುವ ಮುಂಚೆ ನಾನು ಮಗನಿಗೆ ಹೊಟ್ಟೆ ತುಂಬ ನಾಲ್ಕು ದೋಸೆ ಹಾಕಿ, ಮನೆಯವರಿಗೆ ಒಂದು ಲೋಟ ಕಾಫಿ ಕೊಟ್ಟು ಕರೆದುಕೊಂಡು ಹೋಗುತ್ತೇನೆ. ಇಂಟರ್ವಲ್‌ನಲ್ಲಿ ಯಾರೂ ಎದ್ದಿದ್ದಿಲ್ಲ. ನೀರಿನ ಬಾಟಲಿ ಕೊಳ್ಳಿ ಎಂದು ಕೌಂಟರಿನ ಹುಡುಗ ಹೇಳಿದರೆ, ನಲ್ಲಿ ಎಲ್ಲಿದೆ ಎಂದು ನೀವೂ ಧೈರ್ಯವಾಗಿ ಕೇಳಿ.